ಎರಡನೆಯ ಗುಳಿಗೆ

ಚಿಂತೆ ಮಾಡುವುದರಲ್ಲಿ ನನ್ನದು ಸರ್ಕಾರಿ ನೌಕರಿಗಿಂತ ದೊಡ್ಡ ಸರ್ವಿಸು. ಲಸಿಕೆ ಡಬ್ಬಿಯ ಐಸು ಕರಗಿತೇ, ಸಿರಿಂಜು ಕುದಿಸಿದ ಸ್ಟೋ ಆರಿಸಿದೆನೇ, ಆರೋಗ್ಯ ಉಪಕೇಂದ್ರದ ಬೀಗ ಬಿದ್ದಿದೆಯೇ ಎಂದು ಮೂರು ಸಲ ಜಗ್ಗಿ ನೋಡಿ, ಬಸ್ಸು ಹತ್ತುವ ಹೊತ್ತಿಗೆ ಮತ್ತೆ ಇಳಿದು ಬಂದು ನಾಲ್ಕನೆಯ ಸಲ ಜಗ್ಗಿದವಳು ನಾನು. ಮೂವತ್ಮೂರು ವರ್ಷದಲ್ಲಿ ನಾನು ಚಿಂತಿಸಿದ ಅನಾಹುತಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದೇ. ಅದರ ಬಗ್ಗೆ ನಾನು ಒಂದು ಕ್ಷಣವೂ ಚಿಂತಿಸಿರಲಿಲ್ಲ.

ಮೊಣಕಾಲು ಕೈಕೊಟ್ಟಿದ್ದರಿಂದ ಹೊತ್ತಿಗೆ ಮೊದಲೇ ಅರ್ಜಿ ಕೊಟ್ಟು ಕೆಲಸ ಬಿಟ್ಟಿದ್ದೇನೆ. ಈಗ ಆರೋಗ್ಯ ಸಹಾಯಕಿಯರಾಗಿ ಸೇರುವ ಹುಡುಗಿಯರು ಕೆಲವರು ಮನೆಗೆ ಬಂದು, "ನಿಮ್ಮ ಕಾಲದಾಗ ಹೆಂಗಿತ್ರಿ ಕೆಲಸ?" ಎಂದು ಕೇಳುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ಸನ್ಮಾನದಲ್ಲಿ ಹೊದಿಸಿದ ಶಾಲು ಯಾವ ಬಣ್ಣ ಎಂಬುದನ್ನೆಲ್ಲ ಕೇಳಿ ಅವರಿಗೆ ಉಪಯೋಗವಿಲ್ಲ. ನನ್ನ ತಪ್ಪುಗಳು ಉಪಯೋಗಕ್ಕೆ ಬಂದಾವು.

ನಾನು ಸೇರಿದ್ದು ನಾರಾಯಣಪುರದ ನೀರು ಕಾಲುವೆಗೆ ಬಂದ ಹೊಸತರಲ್ಲಿ. ಶಹಾಪುರ ತಾಲೂಕಿನಲ್ಲಿ, ವನದುರ್ಗದ ಕಡೆ ಹೋಗುವ ದಾರಿಯಲ್ಲಿ ನನ್ನ ಉಪಕೇಂದ್ರ. ಜೋಳ ಬೆಳೆಯುತ್ತಿದ್ದ ಕರಿ ಹೊಲಗಳಲ್ಲಿ ಭತ್ತ ಬಂತು. ಹೆಂಗಸರು ದಿನವಿಡೀ ಮೊಣಕಾಲುಮಟ್ಟ ನೀರಿನಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಅವರು ಮನೆಯಲ್ಲಿ ಸಿಗುವುದಿಲ್ಲ. ನಾನೇ ಕೆನಾಲಿನ ದಂಡೆ ಹಿಡಿದು ಹೋಗಿ, ಬದುವಿನ ಮೇಲೆ ನಿಂತು ಕೂಗಬೇಕು. ಗುಟ್ಟಿನ ಮಾತುಗಳನ್ನು ನಾನು ಹೀಗೆ ಒದರಿ ಕೇಳುತ್ತಿದ್ದೆ, ಅವರೂ ಒದರಿಯೇ ಉತ್ತರ ಕೊಡುತ್ತಿದ್ದರು.

ನನ್ನ ಮೊದಲ ಪ್ರಮಾದ ನಡೆದದ್ದು ಅಂಥ ಒಂದು ಬದುವಿನ ಮೇಲೆಯೇ. "ಯಾರ್ದರೆ ತಿಂಗಳು ತಪ್ಪ್ಯಾವೇನು?" ಎಂದು ಕೂಗಿದೆ. ಒಬ್ಬಳು ಬಗ್ಗಿದಲ್ಲಿಂದಲೇ, "ನಂದು ಮೂರು ತಿಂಗಳು ತಪ್ಪ್ಯಾವ ನೋಡ್ರಿ ನರ್ಸಬಾಯಿ" ಎಂದಳು. ಗರ್ಭಿಣಿಯರ ರಿಜಿಸ್ಟರಿನಲ್ಲಿ ಹೆಸರು ಬರೆದೆ, ಗದ್ದೆಯಿಂದ ಮೇಲೆ ಕರೆದು ಧನುರ್ವಾಯು ಸೂಜಿಯನ್ನೂ ಚುಚ್ಚಿದೆ. ವಯಸ್ಸು ಕೇಳಿದ್ದು ಸೂಜಿ ಹಾಕಿದ ಮೇಲೆ.

"ನಲವತ್ತೊಂಬತ್ತೋ ಐವತ್ತೋ ಇರಬೇಕ್ರಿ. ಮೊಮ್ಮಗಳು ಸಾಲಿಗಿ ಹೋಗ್ತಾಳ."

ಮುಟ್ಟು ನಿಲ್ಲುವ ವಯಸ್ಸಿನವಳನ್ನು ಬಸುರಿ ಮಾಡಿದ್ದೆ. ಆ ವರ್ಷವೆಲ್ಲ ನಾನು ಕೆನಾಲಿನ ದಂಡೆಯ ಮೇಲೆ ಕಂಡರೆ ಸಾಕು, ಗದ್ದೆಯೊಳಗಿಂದ ಒಂದು ದನಿ: "ಬಂದ್ಲು ನೋಡವಾ, ಮುದುಕೇರಿಗೆ ಬಸಿರು ಬರಿಯಾಕಿ!" ಮೂತ್ರ ಪರೀಕ್ಷೆಯ ಪಟ್ಟಿಗಳು ನಮ್ಮ ಚೀಲಕ್ಕೆ ಬಂದದ್ದು ಎಷ್ಟೋ ವರ್ಷದ ನಂತರ.

ಆ ನಗೆ ಕ್ರಮೇಣ ಮರೆಯಾಯಿತು. ಆದರೆ ಆ ರಿಜಿಸ್ಟರು ನಮಗೆ ಕಲಿಸಿದ ಒಂದು ಕುರುಡುತನ ಉಳಿಯಿತು. ನಮ್ಮ ದಪ್ಪ ಪುಸ್ತಕಗಳೆಲ್ಲ ಮಕ್ಕಳಾಗುವ ವಯಸ್ಸಿನ ಹೆಂಗಸರವು. ಮುಟ್ಟು ನಿಂತವಳ ಹೆಸರಿನ ಮೇಲೆ ಒಂದು ಗೀಟು ಎಳೆದರೆ ಅಲ್ಲಿಗೆ ಅವಳು ನಮ್ಮ ಲೆಕ್ಕದಿಂದ ಹೋದಳು. ಆಮೇಲೂ ಅವಳಿಗೆ ಮೈಯಿದೆ, ಆ ಮೈಯೊಳಗೆ ಗರ್ಭಚೀಲವಿದೆ ಎಂಬುದಕ್ಕೆ ಯಾವ ಕಾಲಮ್ಮೂ ಇರಲಿಲ್ಲ.

ಸರೋಜಾ ಅಕ್ಕೋರ ಹೆಸರಿನ ಮೇಲೂ ನಾನೇ ಗೀಟು ಎಳೆದಿದ್ದೆ.

ನಮ್ಮ ಕಡೆ ಸಾಲಿಯ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ. ಇವರು ಉಪಕೇಂದ್ರದ ಎದುರಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಆಗ ಅವರಿಗೆ ಐವತ್ತೆರಡು, ನನಗೆ ನಲವತ್ತೊಂದು. ಅವರ ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಒಂದು ದಿನ ಪಾಠ ಮಾಡುವಾಗಲೇ ಚಾಕ್‌ಪೀಸು ಕೆಳಗಿಟ್ಟು ಹೊರಗೆ ಬಂದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನಮ್ಮ ಕಟ್ಟೆಯ ಮೇಲೆ ಕುಳಿತರು. ಕುತ್ತಿಗೆ ಕೆಂಪಗೆ, ರವಿಕೆ ಬೆವರಿನಲ್ಲಿ ತೊಯ್ದಿತ್ತು.

"ಸಿಸ್ಟರ್, ಒಲಿಯೊಳಗ ಕುಂತಂಗ ಆಗ್ತದ್ರಿ. ದಿನಕ್ಕ ಹತ್ತು ಸಲ. ನಿದ್ದಿ ಇಲ್ಲ. ಹುಡುಗರ ಮ್ಯಾಲ ಸುಮ್ಮಸುಮ್ಮನ ಒದರಾಕತ್ತೀನಿ."

ಗುಲಬರ್ಗಾದ ಒಬ್ಬ ವೈದ್ಯೆ ಅವರನ್ನು ಪರೀಕ್ಷಿಸಿ ಹಾರ್ಮೋನು ಗುಳಿಗೆ ಬರೆದುಕೊಟ್ಟರು. ಎರಡು ಪಟ್ಟಿ. ಒಂದು ದಿನಾಲೂ ನುಂಗುವುದು. ಇನ್ನೊಂದು ಸಣ್ಣ ಹಳದಿ ಗುಳಿಗೆ, ತಿಂಗಳಲ್ಲಿ ಹನ್ನೆರಡು ದಿನ ಮಾತ್ರ. ಮೂರು ವಾರದಲ್ಲಿ ಝಳ ಇಳಿಯಿತು. ಅಕ್ಕೋರು ನಗುತ್ತ ಪಾಠ ಮಾಡತೊಡಗಿದರು. ಆದರೆ ಎರಡನೆಯ ತಿಂಗಳು ಅವರು ಮುಖ ಇಳಿಬಿಟ್ಟುಕೊಂಡು ಬಂದರು.

"ಆ ಹಳದಿ ಗುಳಿಗಿ ಮುಗದ ಎರಡು ದಿನಕ್ಕ ಮತ್ತ ಹೊರಗ ಆಗ್ತೀನ್ರಿ ಸಿಸ್ಟರ್. ಬಂದ್ ಆಗಿದ್ದು ಮತ್ತ ಚಾಲೂ ಆದಂಗ."

ಹೊರಗಾಗುವುದು ಅವರಿಗೆ ಏಕೆ ಅಷ್ಟು ದೊಡ್ಡ ಮಾತು ಎಂದು ಹೇಳಬೇಕು. ಅವರ ಮನೆಯಲ್ಲಿ ದೇವಿಯನ್ನು ಕೂರಿಸಿ ಪೂಜಿಸುವ ಜಗಲಿ ಇತ್ತು. ಮಂಗಳವಾರ ಮಡಿಯಲ್ಲಿ ಅಡುಗೆ ಮಾಡಿ ಎಡೆ ಹಿಡಿಯುವ ಕೆಲಸ ಮನೆಯ ಹಿರಿಯ ಹೆಂಗಸಿನದು, ಅದೂ ಮುಟ್ಟು ನಿಂತವಳದು. ಇಪ್ಪತ್ತೈದು ವರ್ಷ ಸೊಸೆಯನ್ನು ತಿಂಗಳಿಗೆ ಮೂರು ದಿನ ಹಿತ್ತಲ ಪಡಸಾಲೆಯಲ್ಲಿ ಕೂರಿಸಿದ ಅತ್ತೆ, ಈಗ ತಾನೇ ಆ ಜಗಲಿಯನ್ನು ಅವಳ ಕೈಗೆ ಕೊಟ್ಟಿದ್ದಳು. ಡಿಗ್ರಿ ಓದಿದ, ತಾಲೂಕಿಗೆಲ್ಲ ಲೆಕ್ಕ ಹೇಳಿಕೊಡುವ ಅಕ್ಕೋರು ಆ ಜಗಲಿಯ ಮುಂದೆ ನಿಲ್ಲುವುದಕ್ಕೆ ಅಷ್ಟು ವರ್ಷ ಕಾದಿದ್ದರು. ನನಗೆ ಅದು ಆಗ ವಿಚಿತ್ರ ಅನ್ನಿಸಲಿಲ್ಲ. ಈಗಲೂ ನಗುವುದಿಲ್ಲ.

"ಆ ಎರಡನೇ ಗುಳಿಗಿ ಏನು ಕೆಲಸ ಮಾಡ್ತದ್ರಿ?" ಎಂದು ಕೇಳಿದರು.

ಇಲ್ಲಿ ನನ್ನ ವಿದ್ಯೆ ಎದ್ದು ನಿಂತಿತು. ಸಂತಾನ ತಡೆಯುವ ಸರ್ಕಾರಿ ಗುಳಿಗೆಯ ಪಟ್ಟಿಯನ್ನು ನಾನು ಸಾವಿರಾರು ಸಲ ಬಿಚ್ಚಿ ತೋರಿಸಿದ್ದೆ. ಇಪ್ಪತ್ತೊಂದು ಬಿಳಿ, ಏಳು ಕೆಂಪು. ಬಿಳಿಯವು ಕೆಲಸದ ಗುಳಿಗೆ, ಕೆಂಪು ಬರೀ ಕಬ್ಬಿಣಾಂಶದ್ದು. ಕೆಂಪು ನುಂಗುವ ವಾರ ಮುಟ್ಟು ಬರುತ್ತದೆ. ಮದುವೆಯೋ ಹಬ್ಬವೋ ಬಂದು ಮುಟ್ಟು ಬೇಡವಾದರೆ ಕೆಂಪು ಬಿಟ್ಟು ಮುಂದಿನ ಬಿಳಿ ಶುರು ಮಾಡಿ ಎಂದು ನಾವೇ ಹೇಳಿಕೊಡುತ್ತಿದ್ದೆವು. ಅದೇ ಪಾಠವನ್ನು ಇಲ್ಲಿಗೂ ಅಂಟಿಸಿದೆ. ಬಣ್ಣದ ಗುಳಿಗೆ, ಮುಗಿದ ಮೇಲೆ ಮುಟ್ಟು: ಅಂದಮೇಲೆ ಇದೂ ಕೆಂಪು ಗುಳಿಗೆಯ ತಂಗಿಯೇ ಇರಬೇಕು.

"ಅದು ಶಕ್ತಿ ಗುಳಿಗಿರಿ ಅಕ್ಕೋರೆ. ಬಿಟ್ರ ಏನಾಗಲ್ಲ. ದಿನಾ ನುಂಗೋದು ಒಂದು ತಪ್ಪಿಸಬ್ಯಾಡ್ರಿ" ಎಂದೆ.

ಬೀಗವನ್ನು ನಾಲ್ಕು ಸಲ ಜಗ್ಗುವವಳು ನಾನು. ಆ ಮಾತನ್ನು ಒಂದು ಸಲವೂ ಜಗ್ಗಿ ನೋಡಲಿಲ್ಲ.

ಒಂದೂವರೆ ವರ್ಷ ಎಲ್ಲವೂ ಸುಖವಾಗಿತ್ತು. ಅಕ್ಕೋರು ಗುಲಬರ್ಗಾಕ್ಕೆ ತಿರುಗಿ ಹೋಗಲಿಲ್ಲ. ಹಳೆಯ ಚೀಟಿ ತೋರಿಸಿದರೆ ಔಷಧದ ಅಂಗಡಿಯಲ್ಲಿ ಗುಳಿಗೆ ಸಿಗುತ್ತಿತ್ತು. ಆಮೇಲೆ ಅವರು ನನ್ನೊಡನೆ ಮಾತು ಕಡಿಮೆ ಮಾಡಿದರು. ನಾನು ಏನು ತಪ್ಪು ಮಾಡಿದೆನೋ ಎಂದು ಚಿಂತಿಸಿದೆ. ಅವರು ಕೊಟ್ಟ ಸಾರಿನ ಡಬ್ಬಿ ತಿರುಗಿ ಕೊಟ್ಟಿಲ್ಲ ಎಂಬುದು ನನಗೆ ಹೊಳೆದ ಕಾರಣ. ಡಬ್ಬಿ ತೊಳೆದು ಶಾಲೆಗೆ ಒಯ್ದೆ.

ಆ ದಿನ ಹೆಣ್ಣುಮಕ್ಕಳಿಗೆ ಕಬ್ಬಿಣದ ಗುಳಿಗೆ ಹಂಚುವುದಿತ್ತು. ಅಕ್ಕೋರು ಎರಡು ಹಿಡಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡದ್ದನ್ನು ಕಂಡೆ. ಮುಖ ನೋಡಿದೆ. ಸುಣ್ಣದ ಗೋಡೆ. ಕೈಹಿಡಿದು ಖಾಲಿ ಕೋಣೆಗೆ ಕರೆದುಕೊಂಡು ಹೋಗಿ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ. ಕೆಂಪೇ ಇರಲಿಲ್ಲ.

"ಎಷ್ಟು ದಿನದಿಂದ್ರಿ?"

"ನಾಲ್ಕು ತಿಂಗಳಾತು." ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಮೊದಲ ಒಂದೊಂದು ಹನಿ. ಈಗ ವಾರಗಟ್ಟಲೆ ನಿಲ್ಲಂಗಿಲ್ಲ. ಹೆಪ್ಪುಗಟ್ಟಿ ಗಡ್ಡಿ ಗಡ್ಡಿ ಹೋಗ್ತದ."

"ಯಾಕ ಹೇಳಲಿಲ್ರಿ ಅಕ್ಕೋರೆ?"

"ಯಾರಿಗೆ ಹೇಳ್ಲಿ? ಹೇಳಿದ್ರ ಜಗಲಿ ಬಿಡಬೇಕು. ಹೇಳದೇ ಇದ್ರ ಆ ಮೈಯಾಗ ಎಡಿ ಮಾಡಬೇಕು. ಹದಿನಾರು ಮಂಗಳವಾರ ಮಾಡೀನಿ ಸಿಸ್ಟರ್. ದೇವಿ ನನಗ ಇದನ್ನ ಹಚ್ಯಾಳ ಅಂತ ಅನ್ನಸ್ತದ. ಮತ್ತ, ಗರ್ಭಚೀಲ ತಗಸು ಅಂತಾರ ಅಂತ ಅಂಜಿಕಿ. ನಮ್ಮ ಓಣ್ಯಾಗ ಮೂವತ್ತೈದರಾಕಿಗೂ ತಗದಾರ."

ಅವರು ಹೆದರಿದ್ದರಲ್ಲಿ ಹುರುಳಿತ್ತು. ಬಿಳಿ ಸೆರಗು ಹೋಗುತ್ತದೆ ಎಂದು ಬಂದ ಹೆಂಗಸಿಗೂ ಚೀಲ ತೆಗೆಸು ಅನ್ನುವವರು ಇದ್ದರು. ಎಲ್ಲದಕ್ಕೂ ಅದೇ ಮದ್ದಲ್ಲ, ತೆಗೆಯುವ ಮೊದಲು ಒಳಗೇನಿದೆ ಎಂದು ನೋಡಬೇಕು. ಆದರೆ ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಹೀಗೆ ಹೋದರೆ ಅದು ಕ್ಯಾನ್ಸರ್ ಇರಬಹುದು ಎಂಬಷ್ಟು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಒಂದು ಸಾಲು ಹೇಳಿದ್ದರು, ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ.

ಅಕ್ಕೋರ ಅತ್ತೆಗೆ ಹೇಳದೆ ಊರು ಬಿಡುವಂತಿರಲಿಲ್ಲ. ನಾನೇ ಹೋದೆ. ಎಂಬತ್ತರ ಮುದುಕಿ ಕಡಲೆ ಆರಿಸುತ್ತ ಕುಳಿತಿದ್ದಳು. ಎಲ್ಲ ಕೇಳಿದಳು. ಮೊರ ಕೆಳಗಿಟ್ಟಳು.

"ಆ ಮೈಯಾಗ ಎಡಿ ಮಾಡ್ಯಾಳೇನು?"

"ಮಾಡ್ಯಾರಬೇ."

ಮುದುಕಿ ಒಳಗೆ ಕೇಳುವಂತೆ ಒದರಿದಳು: "ಯವ್ವಾ ಸರೋಜಾ! ನನಗ ಹೇಳಿದ್ರ ನಾ ಮಾಡ್ತಿದ್ದಿಲ್ಲೇನು ಎಡಿ? ನನ್ನ ಕೈ ಮುರದಾವೇನು? ರಕ್ತ ಹರಿಯೋ ಮೈ ಇಟಗೊಂಡು ಒಲಿ ಮುಂದ ನಿಂತೀಯಲ್ಲ, ಖೋಡಿ!" ಆಮೇಲೆ ನನ್ನ ಕಡೆ ತಿರುಗಿ, "ಕರಕೊಂಡು ಹೋಗು. ಜಲ್ದಿ ಹೋಗು. ಜಗಲಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಳು.

ಶಹಾಪುರದ ದವಾಖಾನೆಯಲ್ಲಿ ಆಗ ಮೈಸೂರು ಕಡೆಯ ಒಬ್ಬ ಸ್ತ್ರೀರೋಗ ತಜ್ಞೆ ಇದ್ದರು. ನಮ್ಮ ಮಾತು ಕೇಳಿ, "ನೀವೆಲ್ಲ ಜಗಳ ಆಡ್ತಿದ್ದೀರೋ ಮಾತಾಡ್ತಿದ್ದೀರೋ ನನಗೆ ಗೊತ್ತೇ ಆಗಲ್ಲ" ಅನ್ನುತ್ತಿದ್ದ ಸಣ್ಣ ಜೀವ. ಸಿಟ್ಟು ಬಂದರೆ ಮಾತ್ರ ದನಿ ಇನ್ನೂ ಮೃದುವಾಗುತ್ತಿತ್ತು. ನಾವೆಲ್ಲ ಆ ಮೃದು ದನಿಗೇ ಹೆದರುತ್ತಿದ್ದೆವು. ಅವರು ಅಕ್ಕೋರನ್ನು ಪರೀಕ್ಷಿಸಿದರು, ಗುಳಿಗೆಯ ಚೀಟಿ ನೋಡಿದರು.

"ಎರಡನೇ ಮಾತ್ರೆ ಎಲ್ಲಮ್ಮ? ತಗೋತಿಲ್ವಾ?" ಬಹಳ ಮೃದುವಾಗಿ ಕೇಳಿದರು. "ಬಿಡಿ ಅಂತ ಯಾರು ಹೇಳಿದ್ರು?"

ಅಕ್ಕೋರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಕೂಸಿನ ಚಿತ್ರ ನೋಡಿದೆ. ಅಷ್ಟು ಲಕ್ಷ್ಯವಿಟ್ಟು ನಾನು ಯಾವ ಚಿತ್ರವನ್ನೂ ನೋಡಿಲ್ಲ.

"ನಾನೇ ಬಿಟ್ಟೀನ್ರಿ" ಎಂದರು ಅಕ್ಕೋರು.

ಡಾಕ್ಟರು ಕಾಗದದ ಮೇಲೆ ಗರ್ಭಚೀಲದ ಚಿತ್ರ ಬರೆದು ಹೇಳಿದರು. ಮೊದಲನೆಯ ಗುಳಿಗೆ ಝಳ ಇಳಿಸುತ್ತದೆ, ಜೊತೆಗೆ ಚೀಲದ ಒಳಪದರವನ್ನೂ ಬೆಳೆಸುತ್ತದೆ. ಎರಡನೆಯದು ಆ ಪದರವನ್ನು ಹದದಲ್ಲಿಟ್ಟು ತಿಂಗಳಿಗೊಮ್ಮೆ ಉದುರಿಸುತ್ತದೆ. ಚೀಲ ಇರುವ ಹೆಂಗಸಿಗೆ ಎರಡನೆಯದೇ ಕಾವಲು. ಅದಿಲ್ಲದೆ ಪದರ ಬೆಳೆಯುತ್ತಲೇ ಹೋಗುತ್ತದೆ, ದಾರಿ ತಪ್ಪಲೂಬಹುದು.

"ಅಂದ್ರ ಹೊಲಕ್ಕ ನೀರು ಬಿಟ್ಟು ಬಸಿಗಾಲುವಿ ಮುಚ್ಚಿದಂಗ ಆತು" ಎಂದರು ಅಕ್ಕೋರು. "ಹೊಲ ಜವಳು ಹಿಡೀತದ."

ಡಾಕ್ಟರು ಪೆನ್ನು ನಿಲ್ಲಿಸಿ ಅವರನ್ನೇ ನೋಡಿದರು. "ಹೌದು. ಹಾಗೇ."

ಆಗ ಸ್ಕ್ಯಾನಿಗೆ ಗುಲಬರ್ಗಾಕ್ಕೆ ಹೋಗಬೇಕು. ಒಳಪದರದ ಚೂರು ತೆಗೆಯಲು ಅರಿವಳಿಕೆ ಕೊಟ್ಟು ಮಲಗಿಸಬೇಕು. ಈಗ ಎಷ್ಟೋ ಕಡೆ ಸಣ್ಣ ನಳಿಕೆಯಿಂದ ಎಚ್ಚರವಿರುವಾಗಲೇ ತೆಗೆಯುತ್ತಾರೆ, ಹೆಂಗಸು ಎದ್ದು ಬಸ್ಸಿಗೆ ಹೋಗುತ್ತಾಳೆ. ಅಕ್ಕೋರಿಗೆ ಅದೆಲ್ಲ ಆಯಿತು. ಪದರ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ದಪ್ಪ. ಚೂರು ಪರೀಕ್ಷೆಗೆ ಹೋಯಿತು. ವರದಿಗೆ ಹದಿನೈದು ದಿನ.

ಆ ಹದಿನೈದು ದಿನ ನಾನು ಕೆಲಸ ಮಾಡಿದೆನೆಂದು ಡೈರಿ ಹೇಳುತ್ತದೆ. ಏನು ಮಾಡಿದೆನೋ ನನಗೆ ನೆನಪಿಲ್ಲ. ಮಕ್ಕಳಿಗೆ ಪೋಲಿಯೋ ಹನಿ ಹಾಕುವಾಗಲೂ ಹನಿ ಎಣಿಸುತ್ತ ಅಕ್ಕೋರ ಹನಿಯನ್ನು ಎಣಿಸುತ್ತಿದ್ದೆ. ಕ್ಯಾನ್ಸರ್ ಎಂದು ಬಂದರೆ ಅದು ನನ್ನ ಬಾಯಿಂದ ಹೊರಟ ಒಂದು ಸಾಲು. ಅಷ್ಟೇ ಅಲ್ಲ, ಇನ್ನೊಂದು ಚಿಂತೆಯೂ ಇತ್ತು, ಬರೆಯಲು ನಾಚಿಕೆ: ಗೊತ್ತಾದರೆ ನನ್ನ ನೌಕರಿ ಏನಾದೀತು ಎಂಬುದು. ಎರಡು ಚಿಂತೆಗಳಲ್ಲಿ ಯಾವುದು ದೊಡ್ಡದಿತ್ತು ಎಂದು ಕೇಳಬೇಡಿ.

ವರದಿ ಬಂತು. ಕೋಶಗಳು ದಾರಿ ತಪ್ಪಲು ಶುರು ಮಾಡಿದ್ದವು. ಕ್ಯಾನ್ಸರ್ ಇನ್ನೂ ಆಗಿರಲಿಲ್ಲ. ಅವರ ವಯಸ್ಸಿಗೆ, ಆ ವರದಿಗೆ, ಚೀಲ ತೆಗೆಸುವುದೇ ಸರಿ ಎಂದರು ಡಾಕ್ಟರು. ತೆಗೆದ ಚೀಲವನ್ನು ಮತ್ತೆ ಪೂರ್ತಿ ಪರೀಕ್ಷೆ ಮಾಡಿದ ಮೇಲೆಯೇ ಖಚಿತ.

ಶಸ್ತ್ರಕ್ರಿಯೆಗೆ ಗುಲಬರ್ಗಾಕ್ಕೆ ಹೊರಡುವ ಮುನ್ನಾದಿನ ಅಕ್ಕೋರ ಮನೆಗೆ ಹೋದೆ. ಅಂಗಳದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ನಿಂತೇ ಇದ್ದೆ.

"ಅಕ್ಕೋರೆ, ಬಿಡ್ರಿ ಅಂದಾಕಿ ನಾನು."

"ಗೊತ್ತದ ನನಗ. ನನ್ನ ಕಿವಿ ಏನೂ ಹೋಗಿಲ್ಲ." ತಲೆ ಎತ್ತದೆ ಇನ್ನೊಂದು ಹಾಳೆ ತಿರುವಿದರು.

"ಮತ್ತ ಆ ದಿನ ಡಾಕ್ಟರ್ ಮುಂದ ನನ್ನ ಹೆಸರು ಯಾಕ..."

"ನೀ ಹೇಳ್ತಿ ಅಂತ ಕಾಯ್ದೆ." ಮೊದಲ ಸಲ ಅವರು ನನ್ನನ್ನು ನೀನು ಅಂದದ್ದು. ಪೆನ್ನು ಮುಚ್ಚಿ ನನ್ನ ಮುಖ ನೋಡಿದರು. "ಹುಡುಗರು ಲೆಕ್ಕ ತಪ್ಪು ಮಾಡ್ತಾವ, ನಾ ಹೊಡಿಯಂಗಿಲ್ಲ. ತಪ್ಪು ಮಾಡಿದ ಹಾಳಿ ಹರದು ನುಂಗತಾವಲ್ಲ, ಅವಕ್ಕ ಹೊಡೀತೀನಿ. ನಾಳಿ ನನಗ ಏನರೆ ಆಗಲಿ. ಹೋಗಿ ಹೇಳು. ಇಲ್ಲಾಂದ್ರ ಈ ಲೆಕ್ಕ ಇನ್ನೊಬ್ಬಾಕಿ ಮೈಮ್ಯಾಲ ಮಾಡ್ತಿ."

ಮರುದಿನ ಅವರು ಗುಲಬರ್ಗಾದ ಬಸ್ಸು ಹತ್ತಿದರು, ನಾನು ಶಹಾಪುರದ ಬಸ್ಸು. ಡಾಕ್ಟರಿಗೆ ಎಲ್ಲ ಹೇಳಿದೆ. ಬಿಳಿ ಗುಳಿಗೆ, ಕೆಂಪು ಗುಳಿಗೆ, ಗೋಡೆಯ ಮೇಲಿನ ಕೂಸಿನ ಚಿತ್ರ ಸಮೇತ. ನೋಟೀಸು, ಅಮಾನತು ಎಲ್ಲ ಮನಸ್ಸಿನಲ್ಲೇ ಟೈಪು ಮಾಡಿಕೊಂಡು ಬಂದಿದ್ದೆ. ಅವರು ಅಕ್ಕೋರ ಕಾಗದ ತೆಗೆದು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು.

"ಮೇಲಿನವರಿಗೆ ನಾನು ಬರೀಲೇಬೇಕು, ಬರೀತೀನಿ" ಎಂದರು ಕೊನೆಗೆ. "ಅದು ಬೇರೆ. ಈ ತಿಂಗಳ ಸಿಸ್ಟರುಗಳ ಸಭೆಯಲ್ಲಿ ಎದ್ದು ನಿಂತು ಇದನ್ನ ನೀವೇ ಹೇಳ್ತೀರಿ. ನಾನು ಹೇಳಿದ್ರೆ ಅದು ಭಾಷಣ ಆಗತ್ತೆ."

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ, ನನ್ನ ಕತೆ ಓದಿ ಹಾರ್ಮೋನು ಗುಳಿಗೆಯನ್ನೇ ವಿಷ ಎಂದುಕೊಳ್ಳಬೇಡಿ. ಮುಂದೆ ನನಗೂ ಝಳ ಶುರುವಾಯಿತು. ತಾನಾಗಿ ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಡಾಕ್ಟರು ನನ್ನ ಮನೆತನದ ರೋಗಗಳನ್ನೆಲ್ಲ ಕೇಳಿ, ಎದೆ, ಬಿಪಿ ನೋಡಿ ಎರಡೂ ಗುಳಿಗೆ ಕೊಟ್ಟರು. ಬೇಕಾದಷ್ಟು ಕಾಲ ತಗೊಂಡೆ, ವರ್ಷಕ್ಕೊಮ್ಮೆ ತೋರಿಸಿದೆ, ಅವರು ಹೇಳಿದಾಗ ಬಿಟ್ಟೆ. ಎರಡನೆಯ ಗುಳಿಗೆಯನ್ನು ನಾನು ನುಂಗುತ್ತಿದ್ದ ಭಕ್ತಿಯನ್ನು ನೋಡಿ ಮನೆಯವರು ನಗುತ್ತಿದ್ದರು.

ಅಕ್ಕೋರ ಶಸ್ತ್ರಕ್ರಿಯೆ ಆಯಿತು. ತೆಗೆದ ಚೀಲದ ವರದಿ ಸಭೆಯ ಹಿಂದಿನ ದಿನ ಬಂತು. ಕ್ಯಾನ್ಸರ್ ಎಲ್ಲಿಯೂ ಇರಲಿಲ್ಲ. ಮುಂದಿನ ಚಿಕಿತ್ಸೆ ಬೇಕಿರಲಿಲ್ಲ. ಸಭೆಯ ಸುದ್ದಿ ತಿಳಿದಿದ್ದ ಅಕ್ಕೋರು ಶಾಲೆಯ ಪಕ್ಕದ ಅಂಗಡಿಗೆ ಫೋನು ಮಾಡಿ ನನಗೆ ಹೇಳಿ ಕಳಿಸಿದ್ದು ಎರಡೇ ಮಾತು: "ಪಾಸಾಗೀನಿ. ನಿನ್ನ ಪರೀಕ್ಷಾ ನಾಳಿ."

ಸಭೆಯಲ್ಲಿ ತಾಲೂಕಿನ ನಲವತ್ತಕ್ಕೂ ಹೆಚ್ಚು ಸಿಸ್ಟರುಗಳು. ವಡಗೇರಾದಿಂದ ಬಂದವರು, ಕೆಂಭಾವಿ ರಸ್ತೆಯವರು, ನಾನು ತರಬೇತಿ ಕೊಟ್ಟವರು, ನನಗೆ ಕೊಟ್ಟವರು. ಎದ್ದು ನಿಂತೆ. "ಮುದುಕಿಗೆ ಬಸಿರು ಬರೆದಾಕಿ ನಾನೇರಿ" ಎಂದು ಶುರು ಮಾಡಿದೆ. ಗೊತ್ತಿದ್ದವರು ನಕ್ಕರು. ಆಮೇಲೆ ಅಕ್ಕೋರ ಕತೆ ಹೇಳಿದೆ, ಅವರ ಹೆಸರು ಬಿಟ್ಟು, ನನ್ನ ಹೆಸರು ಹಾಕಿ. ನಗೆ ನಿಂತಿತು.

"ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಹನಿ ಕಂಡ್ರೂ ಇಲ್ಲಿಗೆ ಕಳಿಸಿ" ಎಂದರು ಡಾಕ್ಟರು. "ಬಹಳಷ್ಟು ಸಲ ಏನೂ ಇರಲ್ಲ. ಆದರೆ ನೋಡದೆ ಹಾಗೆ ಹೇಳೋ ಹಕ್ಕು ನಮಗಿಲ್ಲ. ನಿಮ್ಮ ಹತ್ರ ಅಂಥವರು ಬಂದಾಗ ಏನು ಹೇಳಿದೀರಿ?"

ಹಿಂದಿನ ಸಾಲಿನಿಂದ ಒಬ್ಬಳು ಮೆಲ್ಲಗೆ, "ಉಷ್ಣ ಆಗ್ಯಾದ, ಮಜ್ಜಿಗಿ ಕುಡಿ ಅಂದೀನ್ರಿ" ಎಂದಳು. ಇನ್ನೊಬ್ಬಳು, "ಕೆಟ್ಟ ರಕ್ತ ಹೋಗ್ತದ, ಹೋಗ್ಲಿ ಬಿಡು ಅಂದಿದ್ದೆ." ಮತ್ತೊಬ್ಬಳು ಮುಟ್ಟು ಮುಂದೂಡುವ ಗುಳಿಗೆ ಕೊಟ್ಟಿದ್ದಳು. ಮಾತುಗಳು ಒಂದರ ಹಿಂದೆ ಒಂದು ಬಂದವು.

ಚಹಾ ಬಂತು. ಯಾವ ಸಭೆಯಲ್ಲಿಯೂ ಚಹಾಕ್ಕೆ ನಮ್ಮವರು ತಡ ಮಾಡಿದ್ದನ್ನು ನಾನು ಕಂಡಿಲ್ಲ. ಅಂದು ಏಳೆಂಟು ಮಂದಿ ಏಳಲಿಲ್ಲ. ಡೈರಿ ಬಿಚ್ಚಿ, ತಾವು ಹಾಗೆ ಹೇಳಿ ಕಳಿಸಿದ ಹೆಂಗಸರ ಹೆಸರು ಬರೆಯುತ್ತಿದ್ದರು, ನೆನಪು ಮಾಡಿಕೊಂಡು, ಪಕ್ಕದವಳನ್ನು ಕೇಳಿ, ಊರಿನ ಹೆಸರು, ಮನೆಯ ಗುರುತು. ನನ್ನ ಪಕ್ಕದಲ್ಲಿ ಕುಳಿತ ಸಿಸ್ಟರ್ ಡೈರಿಯ ಹೊಸ ಪುಟ ತಿರುವಿದಳು. ಆಮೇಲೆ ಹಾಳೆಯ ಮೇಲ್ತುದಿಯಲ್ಲಿ ಮೊದಲ ಹೆಸರು ಬರೆದಳು. ಅದು ಅವಳ ತಾಯಿಯ ಹೆಸರು.